ಎರಡು ಸೀಟಿನ ವಿಮಾನ
ಚಿಕ್ಕಜಾಲದ ಬಸ್ ಸ್ಟಾಪಿನಲ್ಲಿ ಎನ್‌ಸಿಸಿ ಏರ್ ವಿಂಗಿನ ಹುಡುಗರು ನಿಂತಿದ್ದರೆ ‘ಏನಪ್ಪ, ಪೈಲಟ್ ಆಗ್ತೀಯಾ?’ ಎಂದು ಕೇಳುವ ಹಿರಿಯರು ಇದ್ದೇ ಇರುತ್ತಾರೆ. 1950ರಲ್ಲಿ ಈ ವಿಂಗ್ ಶುರುವಾದಾಗ ಲೆಕ್ಕಾಚಾರವೂ ಹೆಚ್ಚುಕಡಿಮೆ ಅದೇ: ವಾಯುಪಡೆಗೆ ಬೇಕಾದ ಅಧಿಕಾರಿಗಳು ಕಾಲೇಜಿನಲ್ಲೇ ತಯಾರಾಗಲಿ. ಚೀನಾ ಯುದ್ಧದ ಬಿಸಿಯಲ್ಲಿ, 1963ರಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಐಚ್ಛಿಕ. ಈಗ ಏರ್ ವಿಂಗಿನ ‘ಸಿ’ ಸರ್ಟಿಫಿಕೇಟ್ ಪಡೆದವರಿಗೆ ವಾಯುಪಡೆಯ ಹಾರಾಟ ವಿಭಾಗದಲ್ಲಿ ಶೇ. 10ರಷ್ಟು ಸೀಟು ಮೀಸಲಿದೆ. ಮಿಕ್ಕವರು ಬ್ಯಾಂಕಿಗೋ ಐಟಿ ಕಂಪನಿಗೋ ಹೋಗುತ್ತಾರೆ, ಹೋಗಲಿ ಬಿಡಿ. ಜಕ್ಕೂರಿನ ಏರೋಡ್ರೋಮಿನಲ್ಲಿ ಏರ್ ವಿಂಗಿನ ಕೆಡೆಟ್‌ಗಳು ಏರುವುದು ಎರಡೇ ಸೀಟಿನ ಮೈಕ್ರೋಲೈಟ್: ಪಕ್ಕಕ್ಕೆ ಭುಜ ತಾಗುವಷ್ಟು ಹತ್ತಿರ ವಾಯುಪಡೆಯ ಅಧಿಕಾರಿ, ಕೈಗೆ ಸ್ವಲ್ಪ ಹೊತ್ತು ಕಂಟ್ರೋಲ್ ಸ್ಟಿಕ್, ಕೆಳಗೆ ಬಳ್ಳಾರಿ ರಸ್ತೆಯಲ್ಲಿ ತೆವಳುವ ಕಾರುಗಳು. ಇಷ್ಟರಿಂದ ಯಾರೂ ಯುದ್ಧವಿಮಾನ ಓಡಿಸಲು ಕಲಿಯುವುದಿಲ್ಲ. ಸಾರಿಗೆ ವಿಮಾನದ ಪೈಲಟ್‌ಗಳನ್ನು ಪಳಗಿಸುವ ಯಲಹಂಕ ವಾಯುನೆಲೆಯ ಲೋಕವೇ ಬೇರೆ. ಹಾಗೆಂದು ಈ ಮೈಕ್ರೋಲೈಟ್ ಹಾರಾಟವನ್ನು ದಂಡದ ಖರ್ಚು ಎನ್ನಲು ನನಗೆ ಮನಸ್ಸಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಹತ್ತಾರು ಲಕ್ಷ ಸುರಿಯಬೇಕಾದ ಕಾಲದಲ್ಲಿ, ದೇವನಹಳ್ಳಿ ಕಡೆಯ ದ್ರಾಕ್ಷಿ ಬೆಳೆಗಾರನ ಮಗಳಿಗೂ ಕಾಕ್‌ಪಿಟ್ಟಿನ ಬಾಗಿಲು ಪುಕ್ಕಟೆ ತೆರೆಯುವ ಜಾಗ ಇನ್ನೆಲ್ಲಿದೆ?