ಹೊಲ ಲೀಜಿಗೆ ಕೊಡೂಕಿಂತ ಮೊದಲು ಇದನ್ನ ಓದ್ರಿ



ಈಗ ಆನೆಗುಂದಿ, ಸಾಣಾಪುರ, ಹನುಮನಹಳ್ಳಿ, ಚಿಕ್ಕರಾಂಪುರ ಯಾವ ಕಡೆ ಹೋದ್ರೂ ಚಾ ಅಂಗಡಿಯಾಗ ಒಂದ ಮಾತು. ರಸ್ತಾಕ್ಕ ಹತ್ತಿದ ಹೊಲ ಯಾರದು, ಎಕರೆಗೆ ವರ್ಷಕ್ಕ ಎಷ್ಟು ಕೊಡ್ತಾರ, ಹತ್ತು ವರ್ಷಕ್ಕೋ ಹದಿನೈದು ವರ್ಷಕ್ಕೋ. ನಮ್ಮ ಮನಿಗೂ ಇಬ್ಬರು ಬಂದು ಕೇಳಿದ್ರು, ಕೊಡಂಗಿಲ್ಲ ಅಂದೆ. "ಇಂವಗ ಊರು ಮುಂದ ಬರೋದು ಬ್ಯಾಡಾಗೈತಿ" ಅಂತ ಮಾತು ಹಬ್ಬೈತಿ. ಅದಕ್ಕ ಉದ್ದಕ ಬರೀತಿದ್ದೀನಿ. ಪೂರ್ತಿ ಓದಿ ಆಮ್ಯಾಲೆ ಬೈರಿ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ನಾನು ಪ್ರವಾಸಿಗರ ವಿರೋಧಿ ಅಲ್ಲ. ಅಂಜನಾದ್ರಿಯ 575 ಮೆಟ್ಟಿಲು ಹತ್ತಾಕ ಬರೋ ಭಕ್ತರು, ಹೊಳಿ ದಾಟಿ ಗುಡ್ಡ ನೋಡಾಕ ಬರೋ ಹುಡುಗರು ಯಾರ ಮ್ಯಾಲೂ ನನಗ ಸಿಟ್ಟಿಲ್ಲ. 2024ರ ಆಗಸ್ಟ್‌ನಾಗ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಮ್ಮ ಎದಿ ಹೆಂಗ ಬಡ್ಕೊಂಡಿತ್ತು ನೆನಪು ಮಾಡ್ಕೋರಿ. ಬರೇ ಭತ್ತ ನೆಚ್ಚಿ ಕುಂದ್ರೋದು ಕಷ್ಟ, ಎರಡನೇ ಆದಾಯ ಬೇಕು, ಒಪ್ಪಿದೆ. ನನ್ನ ಜಗಳ "ಟೂರಿಸ್ಟರು ಬಂದ್ರ ಊರು ತಾನಾಗೇ ಉದ್ಧಾರ ಆಗ್ತದ" ಅನ್ನೋ ಮಾತಿನ ಮ್ಯಾಲೆ. ತಾನಾಗೇ ಏನೂ ಆಗಂಗಿಲ್ಲ. ನಿರ್ಧಾರ ಯಾರು ಮಾಡ್ತಾರೋ ರೊಕ್ಕ ಅವರ ಕಡೆ ಹರೀತದ.

ಲೆಕ್ಕ ಹಾಕೋಣ. ಒಂದು ಎಕರೆ ಹೊಲದಾಗ ಹತ್ತು ರೂಮು ಕಟ್ಟಿದ್ರು ಅಂತ ಹಿಡೀರಿ. ರೂಮಿಗೆ ದಿನಕ್ಕ 2,000 ರೂಪಾಯಿ. ವರ್ಷದಾಗ ಬರೇ 100 ದಿನ ತುಂಬಿದ್ರೂ 20 ಲಕ್ಷ. ಹೊಲದವನಿಗೆ 1 ಲಕ್ಷ ಕೊಟ್ರ ನೂರು ರೂಪಾಯಿಗೆ ಐದು ರೂಪಾಯಿ ಆತು. ಕಟ್ಟಡದ ಖರ್ಚು, ಆಳು, ಕರೆಂಟು ಎಲ್ಲಾ ಅವರದ, ಹೌದು. ಆದ್ರ ಆ ಖರ್ಚಿನೊಳಗಾದ್ರೂ ಊರಿಗೆ ಏನು ಬರ್ತದ ನೋಡ್ರಿ. ಹತ್ತು ರೂಮಿನ 20 ಮಂದಿ ಎರಡು ಹೊತ್ತು ಉಂಡ್ರ ದಿನಕ್ಕ ಐದಾರು ಕೆಜಿ ಅಕ್ಕಿ ಬೇಕು. ಗಂಗಾವತಿ ಅಂದ್ರ ಭತ್ತದ ಕಣಜ ಅಂತ ನಾಡೆಲ್ಲಾ ಹೇಳ್ತದ, ನಮ್ಮ ಸೋನಾ ಮಸೂರಿ ಎಲ್ಲೆಲ್ಲಿಗೋ ಹೋಗ್ತದ. ನಿಮ್ಮ ಹೊಲದ ಬಾಜೂ ಇರೋ ರೆಸಾರ್ಟಿಗೆ ಅಕ್ಕಿ ಎಲ್ಲಿಂದ ಬರ್ತದ ಒಮ್ಮೆ ಕೇಳ್ರಿ. ನಾನು ಕೇಳೀನಿ. ಪಟ್ಟಣದ ಸಗಟು ಅಂಗಡಿಯಿಂದ ಪಾಕೀಟು. ಬಾಳೆಹಣ್ಣೂ ಅಲ್ಲಿಂದಾನ. ಸುಗಂಧಿ, ಏಲಕ್ಕಿ ಬೆಳೆಯೋ ನಾಡಿನಾಗ ಕುಂತು ಪ್ಯಾಟಿ ಬಾಳೆಹಣ್ಣು ತಿನ್ನಿಸ್ತಾರ. ನಮ್ಮ ಹುಡುಗರಿಗೆ ಸಿಗೋದು ಗೇಟಿನ ಕಾವಲು, ಹಾಸಿಗಿ ಝಾಡಿಸೋ ಕೆಲಸ. ಕೆಲಸ ಸಣ್ಣದಲ್ಲ, ಆದ್ರ ಇಡೀ ಊರಿನ ಪಾಲು ಅಷ್ಟಕ್ಕ ಮುಗೀಬಾರದು.

ಇನ್ನು ಹೊಲದ ಸಂಕಟ. ನಮ್ಮ ಸೀಮೆಯ ಕಾಲುವೆಗಳು ವಿಜಯನಗರ ಅರಸರ ಕಾಲದವು. ಐದಾರು ನೂರು ವರ್ಷ ನೀರು ಹರಿಸಿದಾವು. ಹೋದ ವರ್ಷ ನಮ್ಮ ಮ್ಯಾಲಿನ ಹೊಲ ಲೀಜಿಗೆ ತಗೊಂಡವರು ರಾತ್ರಿ ಟ್ರ್ಯಾಕ್ಟರ್‌ನಾಗ ಮಣ್ಣು ಹಾಕಿಸಿ ಬಸಿಗಾಲುವೆ ಮುಚ್ಚಿದ್ರು. ಕೆಳಗಿನ ನಾಲ್ಕು ಮಂದಿಯ ಹೊಲದಾಗ ನೀರು ನಿಂತು ಪೈರು ಕೊಳೀತು. ಕೇಳಾಕ ಹೋದ್ರ "ನಮಗೂ ಮಾಲಕರಿಗೂ ಅಗ್ರಿಮೆಂಟ್ ಐತಿ, ನಿಮ್ಮದೇನು?" ಅಂದ್ರು. "ನನ್ನ ಹೊಲ, ನನ್ನ ಇಷ್ಟ" ಅನ್ನೋ ಅಣ್ಣಾವ್ರು ಇದನ್ನ ಯೋಚನೆ ಮಾಡಬೇಕು. ಹೊಲ ನಿಮ್ಮದು, ಕಾಲುವೆ ಎಲ್ಲಾರದು. ಭತ್ತದ ಸೀಮೆಯಾಗ ಒಬ್ಬರ ಒಡ್ಡು ಇನ್ನೊಬ್ಬರ ಬಾಳು.

ಈಗ ನಮ್ಮ ಸುತ್ತಮುತ್ತ ಆಗಿ ಹೋಗಿದ್ದನ್ನ ನೋಡ್ರಿ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ತಳವಾರಘಟ್ಟದ ಸೇತುವೆ ಕೆಲಸದ ಗದ್ದಲದಿಂದ 1999ರಲ್ಲಿ ಅಪಾಯದ ಪಟ್ಟಿಗೆ ಹೋತು, 2006ರಲ್ಲಿ ಹೊರಗ ಬಂತು. ಅದೇ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿ ಮಾಡೋ ಬಡವರು ಸತ್ತರು. 2011ರ ಜುಲೈನಲ್ಲಿ ಹಂಪಿ ಬಜಾರಿನ ಮನಿ ಅಂಗಡಿ ಒಡೆದರು, ಮುನ್ನೂರಕ್ಕೂ ಹೆಚ್ಚು ಕುಟುಂಬ ಬೀದಿಗೆ ಬಂದವು. ಸ್ಮಾರಕ ಉಳೀಬೇಕು, ಸರಿ. ಆದ್ರ ಅಲ್ಲಿದ್ದ ಮಂದೀನ ಮೊದಲು ಕುಂದ್ರಿಸಿ ಮಾತಾಡಿ, ಜಾಗ ಕೊಟ್ಟು, ಆಮ್ಯಾಲೆ ಜೆಸಿಬಿ ತರಬೇಕಿತ್ತಲ್ಲ?

ನಮ್ಮ ದಂಡಿಗೆ ಬರ್ರಿ. ವಿರುಪಾಪುರ ಗಡ್ಡಿಯಾಗ ಭತ್ತದ ಹೊಲಗಳ ನಡುವ ರೆಸಾರ್ಟು ಎದ್ದವು. ಕಾನೂನುಬಾಹಿರ ಅಂತ 2015ರಲ್ಲಿ ಹೈಕೋರ್ಟು ಹೇಳಿತು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. ಮಾರ್ಚ್‌ನಾಗ ಎಲ್ಲಾ ನೆಲಸಮ. ಹೊರಗಿನ ರೊಕ್ಕದವರು ಬ್ಯಾರೆ ಕಡೆ ಹೋಗಿ ಮತ್ತೊಂದು ಕಟ್ಟಬಹುದು. ಊರಿನವ ಎಲ್ಲಿಗೆ ಹೋಗಬೇಕು? ಹಂಪಿ ಪ್ರಾಧಿಕಾರದ ವ್ಯಾಪ್ತಿಯಾಗ 29 ಹಳ್ಳಿ ಅದಾವು. ಇಲ್ಲಿ ಒಪ್ಪಿಗೆ ಇಲ್ಲದ ಇಟ್ಟ ಒಂದು ಇಟ್ಟಂಗಿಯೂ ಗ್ಯಾರಂಟಿ ಅಲ್ಲ. ಲೀಜು ಯಾರ ಹೆಸರಿಗಾದ್ರೂ ಇರ್ಲಿ, ಪಹಣಿಯಾಗ ಹೆಸರು ನಿಮ್ಮದು. ನೋಟಿಸು ಬಂದ್ರ ನಿಮ್ಮ ಬಾಗಿಲಿಗೂ ಬರ್ತದ. ಇನ್ನೊಂದು, 2020ರ ಭೂ ಸುಧಾರಣಾ ತಿದ್ದುಪಡಿ ಆದ ಮ್ಯಾಲೆ ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದು. ಇವತ್ತು ಲೀಜು ಕೇಳಿದವರು ನಾಳೆ ನಿಮ್ಮ ಸಾಲ ನೋಡಿ ಖರೀದಿ ಕೇಳ್ತಾರ.

ಒಮ್ಮೆ ಕಟ್ಟಾಕ ಬಿಟ್ಟು ಸುಮ್ಮನಿದ್ರು, ಒಮ್ಮೆ ಒಡ್ಯಾಕ ಬಂದ್ರು. ಎರಡೂ ಸಲ ಊರನ್ನ ಕೇಳಲಿಲ್ಲ. ಅಂಜನಾದ್ರಿಗೆ 2022ರ ಬಜೆಟ್ಟಿನಾಗ 100 ಕೋಟಿ ಅಂದಾಗ ನಾವೆಲ್ಲಾ ಚಪ್ಪಾಳೆ ತಟ್ಟಿದ್ವಿ. ಸುತ್ತಲಿನ ರೈತರನ್ನ ಕುಂದ್ರಿಸಿ, ನಕಾಶೆ ಬಿಡಿಸಿ, ಯಾವ ಸರ್ವೇ ನಂಬರಿನಾಗ ಏನು ಬರ್ತದ ಅಂತ ಕನ್ನಡದಾಗ ತಿಳಿಸಿ ಹೇಳಿದ ಒಂದು ಸಭೆಗೆ ನೀವು ಹೋಗೀರೇನು? ನನ್ನನ್ನಂತೂ ಯಾರೂ ಕರೆದಿಲ್ಲ. ವೇದಿಕೆ ಮುಂದ ಕುರ್ಚಿ ಹಾಕಿ, ಚಾ ಕೊಟ್ಟು, ಹಾಜರಿ ಪುಸ್ತಕಕ್ಕ ಸಹಿ ತಗೊಳ್ಳೋದಕ್ಕ ಭಾಗವಹಿಸುವಿಕೆ ಅನ್ನಬ್ಯಾಡ್ರಿ. ಬ್ಯಾಡ ಅನ್ನೋ ಅಧಿಕಾರ ಇದ್ದಾಗ ಮಾತ್ರ ಹ್ಞೂಂ ಅನ್ನೋದಕ್ಕ ಬೆಲೆ.

"ನಮ್ಮ ಮಂದಿಗೆ ಅದೆಲ್ಲಾ ನಡೆಸಾಕ ಬರಂಗಿಲ್ಲ" ಅಂತ ನಮ್ಮವರ ಹೇಳ್ತಾರ. ಆನೆಗುಂದಿಯೊಳಗ ಕಿಷ್ಕಿಂದಾ ಟ್ರಸ್ಟ್ 1997ರಿಂದ ಕೆಲಸ ಮಾಡ್ತಾ ಬಂದೈತಿ. ನಾವು ಗೊನೆ ಕಡಿದು ದಂಡಿಗೆ ಒಗೆಯೋ ಬಾಳೆ ದಿಂಡಿನ ನಾರಿನಿಂದ ನಮ್ಮ ಹೆಣ್ಣುಮಕ್ಕಳು ಬುಟ್ಟಿ, ಚೀಲ ಮಾಡಿ ಮಾರಿದ್ದಾರ. ಕಸ ಅಂದಿದ್ದಕ್ಕ ಅವರು ಬೆಲೆ ಕಟ್ಟಿದ್ರು. ಕೇರಳದ ಕುಮರಕಂ ನೋಡ್ರಿ. ಅಲ್ಲೂ ದೊಡ್ಡ ಹೋಟೆಲು ಬಂದು ಊರವರಿಗೆ ಏನೂ ಸಿಗ್ತಿಲ್ಲ ಅಂತ ತಕರಾರು ಇತ್ತು. 2008ರ ಸುಮಾರಿಗೆ ಪಂಚಾಯ್ತಿ ಮುಂದ ನಿಂತು, ಕುಟುಂಬಶ್ರೀ ಸಂಘದ ಹೆಣ್ಣುಮಕ್ಕಳು ಮತ್ತು ರೈತರು ಬೆಳೆದ ತರಕಾರಿ ಹೋಟೆಲಿಗೆ ಹೋಗೋ ಹಂಗ ಮಾಡಿದ್ರು. ಗುಜರಾತಿನ ಕಚ್ಛ್‌ನಾಗ ಹೊಡ್ಕಾ ಅಂತ ಊರು. ಮಣ್ಣಿನ ಗುಂಡು ಮನಿ ಕಟ್ಟಿ ಪ್ರವಾಸಿಗರನ್ನ ಇಳಿಸ್ತಾರ, ಅದನ್ನ ನಡೆಸೋದು ಊರಿನ ಸಮಿತಿ. ಅವರೂ ನಮ್ಮಂಗ ಹಳ್ಳಿಯವರ. ದನ ಸಾಕೋರು, ಕಸೂತಿ ಹಾಕೋರು. ಅವರಿಗೆ ಬಂದಿದ್ದು ನಮಗ ಬರಂಗಿಲ್ಲೇನು?

"ಗ್ರಾಮಸಭೆ ಅಂದ್ರ ಜಗಳ" ಅಂತಾರ. ಜಗಳ ಆಗ್ತದ, ಖರೆ. ಹೊಲ ಇದ್ದ ನಾಲ್ಕು ಮಂದಿ ಗಂಡಸರು ಮಾತಾಡಿ ಎದ್ದು ಬರೋದೂ ಖರೆ. ಅದಕ್ಕ ಮದ್ದು ಸಭೆ ಬಿಡೋದಲ್ಲ, ಸಭೆ ತುಂಬಿಸೋದು. ಹೊಲ ಇಲ್ಲದ ಕೂಲಿಯವರು, ಹರಿಗೋಲು ಹಾಕೋರು, ಸಂಜೀವಿನಿ ಸಂಘದ ಅಕ್ಕಂದಿರು ಮೊದಲು ಮಾತಾಡಬೇಕು. ರೆಸಾರ್ಟು ಬಂದ್ರ ಹೊಲದವನಿಗೆ ಲೀಜಿನ ರೊಕ್ಕ ಬರ್ತದ. ನಾಟಿ ಹಚ್ಚಿ ಬದುಕೋ ಹೆಣ್ಣುಮಗಳಿಗೆ ಆ ಎಕರೆಯ ಕೂಲಿ ಹೋಗ್ತದ, ಬದಲಿಗೆ ಏನೂ ಬರಂಗಿಲ್ಲ. ಆಕಿನ್ನ ಕೇಳದ ನಾವು "ಊರು ಒಪ್ಪೈತಿ" ಅಂದ್ರ ನಾವೂ ಅಧಿಕಾರಿಗಳು ಮಾಡಿದ್ದನ್ನ ಮಾಡಿದಂಗ.

ನನ್ನ ಬೇಡಿಕೆ ಐದು. ತಪ್ಪಿದ್ರ ಕೆಳಗ ಬರೀರಿ.

1. ಗ್ರಾಮಸಭೆಯ ಠರಾವು ಇಲ್ಲದ ಪಂಚಾಯ್ತಿ ಯಾವ ಹೊಸ ರೆಸಾರ್ಟಿಗೂ ಒಪ್ಪಿಗೆ ಕೊಡಬಾರದು. ಠರಾವು ಪಾಸಾದ ಮ್ಯಾಲೂ ಪ್ರಾಧಿಕಾರದ ಪರವಾನಗಿ ಕೈಯಾಗ ಇದ್ರ ಮಾತ್ರ ಪಾಯ ತೆಗೀಬೇಕು.

2. ಯಾವುದೇ ಪ್ರವಾಸೋದ್ಯಮ ಯೋಜನೆ ಇರ್ಲಿ, ಸರ್ವೇ ನಂಬರ್ ಸಮೇತ ಕನ್ನಡದಾಗ ನಕಾಶೆ ಮಾಡಿ ಸಭೆಗೆ ಒಂದು ತಿಂಗಳು ಮುಂಚೆ ಪಂಚಾಯ್ತಿ ಗ್ವಾಡಿಗೆ ಹಚ್ಚಬೇಕು.

3. ಅಕ್ಕಿ, ಬಾಳೆ, ಹಾಲು, ಕಾಯಿಪಲ್ಯ ಮೊದಲು ಊರಿಂದ ತಗೋಬೇಕು. ದರ ಗೊತ್ತು ಮಾಡಾಕ ರೈತರು, ಸಂಘದವರು, ಹೋಟೆಲಿನವರು ಕೂಡಿದ ಸಮಿತಿ ಇರಬೇಕು. ನಾವೂ ಒಳ್ಳೆ ಮಾಲು ವ್ಯಾಳ್ಯಾಕ್ಕ ಸರಿಯಾಗಿ ಕೊಡಬೇಕು, ಒಂದು ದಿನ ಕೊಟ್ಟು ನಾಲ್ಕು ದಿನ ತಪ್ಪಿಸಿದ್ರ ಯಾರೂ ತಗೊಳಂಗಿಲ್ಲ.

4. ಪಾರ್ಕಿಂಗು, ಹರಿಗೋಲು, ಗೈಡ್ ಕೆಲಸ ಊರಿನ ಹೊಲ ಇಲ್ಲದವರ ಸಂಘಕ್ಕ ಕೊಡಬೇಕು. ಅದರ ಜಮಾಖರ್ಚು ಗ್ರಾಮಸಭೆಯಾಗ ಓದಬೇಕು.

5. ಕಾಲುವೆ, ಬಸಿಗಾಲುವೆ ಮುಟ್ಟಂಗಿಲ್ಲ ಅಂತ ಲೀಜು ಪತ್ರದಾಗ ಬರೀಬೇಕು, ಪತ್ರ ರಿಜಿಸ್ಟರ್ ಆಗಬೇಕು. ಕಸಕ್ಕ, ಹೊಲಸು ನೀರಿಗೆ ಕಟ್ಟುವವರೇ ಹೊಣೆ, ಅದಕ್ಕ ಠೇವಣಿ ಇಡಬೇಕು.

ಇಷ್ಟಕ್ಕ ಒಪ್ಪುವವರು ಬಂದ್ರ ನಾನೂ ಮಾತಿಗೆ ಕುಂದ್ರತೀನಿ. ಒಪ್ಪದವರು ನಮ್ಮ ಊರು ಉದ್ಧಾರ ಮಾಡಾಕ ಬಂದವರಲ್ಲ, ಹೊಲ ಹುಡುಕಿ ಬಂದವರು.

ಪಂಚಾಯತ್ ರಾಜ್ ಕಾಯ್ದೆ 1993ರಿಂದ ಐತಿ. ಆರು ತಿಂಗಳಿಗೊಮ್ಮೆಯಾದ್ರೂ ಗ್ರಾಮಸಭೆ ಮಾಡಲೇಬೇಕು, ಇದು ಯಾರೂ ನಮಗ ಕೊಡೋ ದಾನ ಅಲ್ಲ. ಈ ಸಲದ ಸಭೆಯ ತಾರೀಖು ಪಿಡಿಒ ಅವರನ್ನ ಕೇಳಿ ಇಲ್ಲೇ ಹಾಕ್ತೀನಿ. ಐದೂ ಬೇಡಿಕೆ ಬಿಳಿ ಹಾಳಿ ಮ್ಯಾಲೆ ಬರೆದು, ಸಹಿ ಮಾಡಿಸಿ, ಸ್ವೀಕೃತಿ ತಗೋಳೋಣ. ಅಲ್ಲೀವರೆಗೆ ಹೊಸ ಅಗ್ರಿಮೆಂಟಿಗೆ ಯಾರೂ ಸಹಿ ಹಾಕಬ್ಯಾಡ್ರಿ. ಮನ್ಯಾಗಿನ ಹೆಣ್ಣುಮಕ್ಕಳನ್ನೂ ಕರ್ಕೊಂಡು ಬರ್ರಿ. ಬ್ಯಾರೆ ಊರಿನ ರೈತರು ಇದನ್ನ ತಮ್ಮ ಪಂಚಾಯ್ತಿ ಗ್ರೂಪಿಗೆ ಹಾಕ್ಕೋರಿ.