ಬೀಗದ ಕೈ ಮಾತ್ರ ದೊರೆತವರು

ಪ್ರೌಢಶಾಲೆಯ ಉಪಾಧ್ಯಾಯರಿಗೆ ಯಂತ್ರಗಳೆಂದರೆ ಆಗದು ಎಂಬ ದೂರು ಹಳೆಯದು. ಜೇವರ್ಗಿ ತಾಲ್ಲೂಕಿನ ನೆಲೋಗಿಯಂತಹ ಊರುಗಳ ವಿಷಯದಲ್ಲಂತೂ ವಿಚಾರಣೆಯೇ ಇಲ್ಲದೆ ತೀರ್ಪು ಹೊರಬೀಳುತ್ತದೆ. ಬಂಧುಬಳಗದಲ್ಲಿ ಶಿಕ್ಷಕಿಯನ್ನೋ ಶಿಕ್ಷಕನನ್ನೋ ಕಂಡಿರುವ ನಮ್ಮ ಕುಟುಂಬಗಳಾದರೂ ಇದನ್ನು ಕೊಂಚ ನಿಧಾನಿಸಿ ನೋಡಬೇಕು.

2001ರಲ್ಲಿ ರಾಜ್ಯ ಸರ್ಕಾರವು ‘ಮಾಹಿತಿ ಸಿಂಧು’ ಯೋಜನೆಯಡಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಕಯಂತ್ರ ಶಿಕ್ಷಣ ನೀಡಲು ಹೊರಟಿತು. ಕಲಿಸುವ ಹೊಣೆ ಖಾಸಗಿ ಸಂಸ್ಥೆಗಳದು, ಬೋಧಕರೂ ಅವರವರೇ. ಶಾಲೆಯ ಗಣಿತ ಮೇಷ್ಟ್ರು ಆ ಕೊಠಡಿಗೆ ಅತಿಥಿ. ಕರಾರು ತೀರಿದೊಡನೆ ಬೋಧಕರು ಹೊರಟುಹೋಗುವ, ಯಂತ್ರಗಳಷ್ಟೇ ಉಳಿಯುವ ಏರ್ಪಾಡದು. ಬೀಗದ ಕೈ ಮಾತ್ರ ದೊರೆತವರಿಗೆ ಉತ್ಸಾಹವಿಲ್ಲವೆಂದು ಗದರಿಸುವುದು ಯಾವ ನ್ಯಾಯ?

ಮುಂದೆ, ಸುಮಾರು 2011ರಿಂದ, ‘ವಿಷಯ ಶಿಕ್ಷಕರ ವೇದಿಕೆ’ಯ ಮೂಲಕ ಉಪಾಧ್ಯಾಯರನ್ನೇ ಯಂತ್ರದ ಮುಂದೆ ಕೂರಿಸಲಾಯಿತು. ಗಣಿತದವರಿಗೆ ಜಿಯೋಜಿಬ್ರಾ ಎಂಬ ಉಚಿತ ತಂತ್ರಾಂಶ ದೊರೆಯಿತು. ಪರದೆಯ ಮೇಲೆ ಒಂದು ತ್ರಿಭುಜ. ಅದರ ಶೃಂಗವನ್ನು ಹಿಡಿದೆಳೆದರೆ ಮೂರು ಕೋನಗಳೂ ಹಿಗ್ಗಿ ಕುಗ್ಗುತ್ತವೆ, ಮೊತ್ತವಾದರೋ 180 ಡಿಗ್ರಿಯನ್ನು ಬಿಟ್ಟು ಕದಲದು. ಕಪ್ಪುಹಲಗೆಯ ಮೇಲೆ ಎಷ್ಟು ತ್ರಿಭುಜ ಬರೆದು ಅಳಿಸಿದರೂ ಕಾಣಿಸಲಾಗದ್ದು ಇದು. ತನ್ನ ಪಾಠ ಸುಲಭವಾಗುವುದನ್ನು ಕಣ್ಣಾರೆ ಕಂಡ ಮೇಲೆ ಯಂತ್ರವನ್ನು ದ್ವೇಷಿಸುವ ಮೇಷ್ಟ್ರು ಅಪರೂಪ. ಅಂದರೆ ಬದಲಾಗಬೇಕಾಗಿದ್ದುದು ಮನೋಭಾವಕ್ಕಿಂತ ಮೊದಲು ಏರ್ಪಾಡು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಉಪಾಧ್ಯಾಯರು ಮೊಬೈಲನ್ನೂ ಹಿಡಿದರು, ‘ವಿದ್ಯಾಗಮ’ಕ್ಕಾಗಿ ಮಕ್ಕಳಿದ್ದಲ್ಲಿಗೂ ನಡೆದರು. ಅಂದು ಹಿಂಜರಿಕೆಯ ಮಾತೇ ಇರಲಿಲ್ಲ, ಅಗತ್ಯವೇ ಗುರುವಾಗಿತ್ತು.

2024ರಲ್ಲಿ ಬಂದದ್ದು ಬೇರೆಯೇ ಯಂತ್ರ: ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಯನ್ನು ದೂರದಿಂದ ನೋಡುವ ಕ್ಯಾಮೆರಾ. ನಕಲಿಗೆ ತಡೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ. 42.43 ಫಲಿತಾಂಶದೊಡನೆ ರಾಜ್ಯದಲ್ಲಿ ಕಟ್ಟಕಡೆಗೆ ನಿಂತಿತು. ಕ್ಯಾಮೆರಾ ನಕಲು ತಡೆದೀತು, ತ್ರಿಭುಜವನ್ನು ಕಲಿಸದು. ಯಂತ್ರವೆಂದರೆ ತನ್ನನ್ನು ಕಾಯುವ ಕಣ್ಣು ಎಂದೇ ಉಪಾಧ್ಯಾಯರ ಮನಸ್ಸಿನಲ್ಲಿ ನಿಂತುಬಿಟ್ಟರೆ, ತರಗತಿಗೆ ಬರುವ ಪರದೆಯನ್ನೂ ಅವರು ಅದೇ ಶಂಕೆಯಿಂದ ನೋಡುವರು.

ಆದುದರಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಪರದೆಗಳನ್ನು ಕೊಳ್ಳುವ ಮುನ್ನ ಉಪಾಧ್ಯಾಯರ ತರಬೇತಿಗೆ ಹಣ ತೆಗೆದಿರಿಸಲಿ. ಆ ತರಬೇತಿ ಕಲಬುರಗಿಯಲ್ಲಿ ಬೇಡ, ಜೇವರ್ಗಿಯಲ್ಲೇ ನಡೆಯಲಿ. ನೆಲೋಗಿಯ ಶಿಕ್ಷಕಿ ಸಂಜೆಯ ಬಸ್ಸಿಗೆ ಮನೆ ಸೇರುವಂತಿರಲಿ.