ಮಳೆಗೆ ಮುಂಚಿನ ಹದಿನೈದು ದಿನ

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಂತೆ ಎಂದು ನಗುವ ಮಂದಿಯೇ ಮಳೆ ಬಿದ್ದ ಮೇಲೆ ಏಣಿ ಹುಡುಕುತ್ತಾರೆ. ನ್ಯಾಮತಿಯ ಸುತ್ತಮುತ್ತಲಿನ ಹೆಂಚಿನ ಮನೆಗಳಲ್ಲಿ ಮುಂಗಾರಿನ ಮೊದಲ ಜೋರು ಮಳೆಯ ರಾತ್ರಿ ಬಕೆಟ್ಟು, ಕೊಡ, ಪಾತ್ರೆಗಳು ಒಂದೊಂದಾಗಿ ನಡುಮನೆಗೆ ಬರುತ್ತವೆ. ಮಕ್ಕಳ ಹಾಸಿಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಯುತ್ತದೆ. ಬೆಳಗಾಗುತ್ತಲೇ ಹೆಂಚು ಕೈಯಾಡಿಸುವ ಆಳಿಗಾಗಿ ಊರೆಲ್ಲ ಹುಡುಕಾಟ. ಹದಿನೈದು ದಿನ ಮುಂಚೆ ಕರೆದಿದ್ದರೆ ಒಣಗಿದ ಮಾಡಿನ ಮೇಲೆ ನಿಧಾನವಾಗಿ ಕೆಲಸ ಮಾಡುತ್ತಿದ್ದ ಆತ, ಈಗ ಜಾರುವ ಹೆಂಚಿನ ಮೇಲೆ ಅವಸರದಲ್ಲಿ ಹತ್ತಬೇಕು. ಕೂಲಿಯೂ ಹೆಚ್ಚು, ಅಪಾಯವೂ ಹೆಚ್ಚು.

ಚಳಿಗಾಲಕ್ಕೆ ಇಲ್ಲಿಯ ಮನೆಗಳು ದೊಡ್ಡ ಸಿದ್ಧತೆ ಮಾಡಬೇಕಿಲ್ಲ. ಒಂದು ಕಂಬಳಿ, ಒಂದು ಸ್ವೆಟರ್ ಇದ್ದರೆ ಮಾಘದ ಚಳಿಯೂ ಕಳೆಯುತ್ತದೆ. ಮನೆಯನ್ನೂ ಗಾಡಿಯನ್ನೂ ನಿಜವಾಗಿ ಪರೀಕ್ಷೆಗೆ ಒಡ್ಡುವುದು ಮಳೆಗಾಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಶಿವಮೊಗ್ಗಕ್ಕೆ ಸೇರಿದ್ದ ಈ ಸೀಮೆ ಮಲೆನಾಡಿನ ಸೆರಗಿನಲ್ಲಿದೆ. ಕೇರಳಕ್ಕೆ ಮುಂಗಾರು ಕಾಲಿಡುವುದು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ. ಕೆಲವೇ ದಿನಗಳಲ್ಲಿ ಅದು ಕರ್ನಾಟಕಕ್ಕೆ ಬರುತ್ತದೆ. ಪಂಚಾಂಗದ ಲೆಕ್ಕದಲ್ಲಿ ಮೃಗಶಿರಾ ಮಳೆ ಹುಟ್ಟುವುದು ಜೂನ್ 7-8ರ ಹೊತ್ತಿಗೆ, ಆರಿದ್ರಾ ಜೂನ್ 21-22ರ ಹೊತ್ತಿಗೆ.

ತೊಂದರೆಯೆಂದರೆ, ಶಾಲೆಯ ಬಾಗಿಲು ತೆರೆಯುವುದೂ ಇದೇ ದಿನಗಳಲ್ಲಿ. ಫೀಜು, ಪುಸ್ತಕ, ಸಮವಸ್ತ್ರ, ಚೀಲ ಎಲ್ಲ ಒಟ್ಟಿಗೆ ಬರುತ್ತವೆ. ರೈತರ ಮನೆಯಾದರೆ ಮೆಕ್ಕೆಜೋಳದ ಬೀಜ, ಗೊಬ್ಬರದ ಖರ್ಚೂ ಸೇರುತ್ತದೆ. ವರ್ಷದಲ್ಲಿ ಕೈ ತೀರ ಬಿಗಿಯಾಗುವ ಹದಿನೈದು ದಿನಗಳಿವು. ಆದ್ದರಿಂದ ಎಷ್ಟು ಖರ್ಚು ಮಾಡಬೇಕು ಎನ್ನುವುದಕ್ಕಿಂತ ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಎನ್ನುವುದೇ ದೊಡ್ಡ ಪ್ರಶ್ನೆ. ಮೊದಲು ಜೀವ, ಆಮೇಲೆ ಕಾಳುಕಡಿ ಮತ್ತು ಪುಸ್ತಕ, ಕೊನೆಗೆ ಸುಖ – ಈ ಸಾಲು ತಪ್ಪದಿದ್ದರೆ ಸಣ್ಣ ಮೊತ್ತದಲ್ಲೂ ಮಳೆಗಾಲ ದಾಟಬಹುದು.

ಬೆಳಕು ಇಣುಕುವ ಕಡೆ

ಸಿದ್ಧತೆಯ ಮೊದಲ ಭಾಗಕ್ಕೆ ಕಾಸು ಬೇಡ. ಒಂದು ನೋಟುಪುಸ್ತಕ ಮತ್ತು ಮನೆಯ ವಿದ್ಯಾರ್ಥಿ ಇದ್ದರೆ ಸಾಕು. ಮಧ್ಯಾಹ್ನ ಬಿಸಿಲು ಚೆನ್ನಾಗಿರುವಾಗ ಬಾಗಿಲು, ಕಿಟಕಿ ಮುಚ್ಚಿ ಮಾಡನ್ನು ನೋಡಬೇಕು. ಹೆಂಚುಗಳ ಸಂದಿಯಲ್ಲಿ ಬೆಳಕು ಇಣುಕುವ ಕಡೆ ಮಳೆಯೂ ಇಣುಕುತ್ತದೆ. ಆ ಜಾಗದ ನೇರ ಕೆಳಗೆ ನೆಲದಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ನೋಟುಪುಸ್ತಕದಲ್ಲಿ ಮನೆಯ ನಕ್ಷೆ ಬರೆದು ಅಲ್ಲಿಯೂ ಗುರುತಿಸಲಿ. ಆಳು ಬಂದಾಗ ಇಡೀ ಮಾಡು ತಡಕಾಡುವ ಬದಲು ಗುರುತಿನ ಹೆಂಚುಗಳನ್ನಷ್ಟೇ ಸರಿಪಡಿಸಿದರೆ ಅರ್ಧ ದಿನದ ಕೂಲಿ ಉಳಿಯಬಹುದು. ಮಕ್ಕಳು ಗುರುತು ಹಾಕಬೇಕೇ ಹೊರತು ಮಾಡು ಹತ್ತಕೂಡದು.

ಮಂಗಳೂರು ಹೆಂಚಿನ ರಚನೆಯನ್ನೂ ಮಕ್ಕಳು ಗಮನಿಸಬಹುದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಹೆಂಚು ನಾಡಿನಲ್ಲೆಲ್ಲ ಹರಡಿತು. ಒಂದು ಹೆಂಚಿನ ಏಣು ಪಕ್ಕದ ಹೆಂಚಿನ ತೋಡಿನಲ್ಲಿ ಕೂರುವಂತೆ ಅದನ್ನು ಮಾಡಿರುತ್ತಾರೆ. ಬೆಕ್ಕು, ಕೋತಿ ಓಡಾಡಿ ಒಂದು ಹೆಂಚು ಬೆರಳಗಲ ಸರಿದರೂ ಆ ಕೂಡಿಕೆ ಬಿಟ್ಟುಹೋಗುತ್ತದೆ. ಒಡೆಯದ ಹೆಂಚೂ ಸೋರುವುದು ಇದರಿಂದಲೇ. ತೋಡಿನಲ್ಲಿ ಸೇರಿದ ಎಲೆ, ಮಣ್ಣು ತೆಗೆದು ಹೆಂಚನ್ನು ಜಾಗಕ್ಕೆ ಕೂರಿಸಿದರೆ ಹೊಸ ಹೆಂಚು ಕೊಳ್ಳುವ ಕೆಲಸವೇ ಬೀಳದಿರಬಹುದು.

ತಾರಸಿ ಮನೆಯವರು ನೀರು ಹೊರಹೋಗುವ ಕೊಳವೆಯ ಬಾಯನ್ನು ನೋಡಬೇಕು. ಒಣ ಎಲೆ, ಪ್ಲಾಸ್ಟಿಕ್ ಚೀಲ, ಹಕ್ಕಿಗೂಡಿನ ಕಸ ಅಲ್ಲಿ ಕಟ್ಟಿಕೊಂಡಿರುತ್ತದೆ. ಕಸ ತೆಗೆದು ನಾಲ್ಕು ಬಕೆಟ್ ನೀರು ಸುರಿದರೆ ನೀರು ಎಲ್ಲಿ ನಿಲ್ಲುತ್ತದೆಂದು ತಿಳಿಯುತ್ತದೆ. ಬಿರುಕು ಮುಚ್ಚುವುದಿದ್ದರೆ ತಾರಸಿ ಪೂರ್ತಿ ಒಣಗಿರುವಾಗಲೇ ಆಗಬೇಕು.

ಐವತ್ತು ಕೊಡ ನೀರು

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮಾಡಿನ ಒಂದು ಇಳಿಜಾರು ಹತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲದ ಜಾಗವನ್ನು ಮುಚ್ಚಿದೆ ಎನ್ನಿ. 25 ಮಿಲಿಮೀಟರ್ ಮಳೆಗೆ ಆ ಒಂದು ಸೂರಿನಿಂದ ಇಳಿಯುವ ನೀರು 750 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಐವತ್ತು ಕೊಡ. ಈ ನೀರು ಹರಿದುಹೋಗಲು ದಾರಿ ಇಲ್ಲದಿದ್ದರೆ ಒಂದೇ ಮಳೆಗೆ ಯಾರೋ ಐವತ್ತು ಕೊಡ ನೀರನ್ನು ಮನೆಯ ಗೋಡೆಯ ಬುಡಕ್ಕೆ ತಂದು ಸುರಿದಂತೆಯೇ ಸರಿ.

ಮಣ್ಣಿನ ಗೋಡೆ ಬೀಳುವುದು ಹೆಚ್ಚಾಗಿ ಹೀಗೆ. ಮೊದಲ ದಿನದ ಮಳೆಗೆ ಅದು ಬೀಳುವುದಿಲ್ಲ. ನಾಲ್ಕಾರು ದಿನ ಜಡಿ ಹಿಡಿದು ಬುಡ ನೆನೆದು ಮೆತ್ತಗಾದ ಮೇಲೆ ಮೇಲಿನ ಭಾರಕ್ಕೆ ಕುಸಿಯುತ್ತದೆ. ಅದು ರಾತ್ರಿ ಹೊತ್ತಿನಲ್ಲಾದರೆ ಮಲಗಿದವರಿಗೆ ಏಳಲು ಸಮಯವೇ ಸಿಗದು. ಆದ್ದರಿಂದ ಹಾರೆ, ಗುದ್ದಲಿಯ ಮೊದಲ ಕೆಲಸ ಸೂರಿನ ನೀರು ಬೀಳುವ ಕಡೆ ಸಣ್ಣ ಕಾಲುವೆ ತೆಗೆದು, ಗೋಡೆಯಿಂದ ದೂರಕ್ಕೆ ಇಳಿಜಾರು ಕೊಡುವುದು. ಗೋಡೆಗೆ ಒರಗಿಸಿಟ್ಟ ಮಣ್ಣು, ಮರಳು, ಗೊಬ್ಬರದ ರಾಶಿಯನ್ನು ತೆಗೆಯಬೇಕು. ಗಾಳಿ ಹೊಡೆಯುವ ಬದಿಗೆ ಅಡಕೆ ಸೋಗೆಯ ಅಥವಾ ತೆಂಗಿನ ಗರಿಯ ತಟ್ಟಿ ಕಟ್ಟಿದರೆ ಎರಚಲು ತಡೆಯುತ್ತದೆ. ತೋಟ ಇದ್ದವರಿಗೆ ಇದಕ್ಕೆ ಹಗ್ಗದ ಖರ್ಚಷ್ಟೇ.

ಗೋಡೆ ಹೊರಕ್ಕೆ ಉಬ್ಬಿದ್ದರೆ ಅಥವಾ ಬಿರುಕು ದಿನೇ ದಿನೇ ಅಗಲವಾಗುತ್ತಿದ್ದರೆ ತಟ್ಟಿ ಕಟ್ಟಿದರೆ ಸಾಲದು. ಅನುಭವಿ ಗಾರೆ ಮೇಸ್ತ್ರಿಯನ್ನು ಕರೆಸಿ ತೋರಿಸಬೇಕು. ದುರಸ್ತಿಗೆ ಕೈಯಲ್ಲಿ ಹಣವಿಲ್ಲದಿದ್ದರೆ, ಆ ಗೋಡೆಯ ಪಕ್ಕದಲ್ಲಿ ಯಾರೂ ಮಲಗದಂತೆ, ಮಕ್ಕಳು ಓದಲು ಕೂರದಂತೆ ವ್ಯವಸ್ಥೆ ಮಾಡಬೇಕು. ಹಾಸಿಗೆ ಬದಲಿಸಲು ಹಣ ಬೇಡ. ಮಳೆಯಿಂದ ಮನೆಗೆ ಹಾನಿಯಾದರೆ ಗ್ರಾಮ ಆಡಳಿತಾಧಿಕಾರಿಗೆ ಕೂಡಲೇ ತಿಳಿಸಿ, ಅವಶೇಷ ತೆಗೆಯುವ ಮೊದಲೇ ಫೋಟೊ ತೆಗೆದಿಡಬೇಕು.

ಬಟ್ಟೆಯ ತಂತಿ

ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಜಗಲಿಯಲ್ಲಿ, ಒಳಮನೆಯಲ್ಲಿ ಕಬ್ಬಿಣದ ತಂತಿ ಕಟ್ಟುವುದು ವಾಡಿಕೆ. ಅದರ ಒಂದು ತುದಿ ತಗಡಿನ ಶೀಟಿನ ಕಂಬಕ್ಕೋ, ಕರೆಂಟಿನ ಸರ್ವೀಸ್ ವೈರ್ ಹಾದುಹೋಗುವ ಮೊಳೆಗೋ ಇರುತ್ತದೆ. ವೈರಿನ ಹೊದಿಕೆ ಸವೆದು ತಗಲಿದರೆ ಇಡೀ ತಂತಿಗೆ ವಿದ್ಯುತ್ ಹರಿಯುತ್ತದೆ. ಒದ್ದೆ ಬಟ್ಟೆ ಹಿಡಿದು ಒದ್ದೆ ನೆಲದ ಮೇಲೆ ನಿಂತವರಿಗೆ ಅದು ಪ್ರಾಣಕ್ಕೆ ಎರವು. ಆ ತಂತಿ ತೆಗೆದು ನೈಲಾನ್ ಹಗ್ಗ ಕಟ್ಟುವುದಕ್ಕೆ ಆಗುವ ಖರ್ಚು ಒಂದೆರಡು ನೋಟುಪುಸ್ತಕದಷ್ಟು. ಈ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗವಾಗಿ ಜೀವ ಉಳಿಸುವ ಕೆಲಸ ಇನ್ನೊಂದಿಲ್ಲ.

ಎಂಸಿಬಿ ಇದ್ದರೆ ಸಾಕೆಂಬ ನಂಬಿಕೆಯೂ ಇದೆ. ಅದು ಶಾರ್ಟ್ ಸರ್ಕ್ಯೂಟ್ ಆದಾಗ, ಹೊರೆ ಹೆಚ್ಚಾದಾಗ ವೈರನ್ನು ಕಾಯುತ್ತದೆ. ಮನುಷ್ಯನ ಮೈಯೊಳಗೆ ಹರಿಯುವ ಅಲ್ಪ ವಿದ್ಯುತ್ತನ್ನು ಗುರುತಿಸಿ ಸಂಪರ್ಕ ಕಡಿಯುವುದು ಆರ್‌ಸಿಸಿಬಿ ಎಂಬ ಸಾಧನ. ಮನೆಗಳಿಗೆ ಹಾಕುವುದು 30 ಮಿಲಿ ಆಂಪಿಯರಿನದು. ಈಗಾಗಲೇ ಇದ್ದರೆ ಅದರ ಮೇಲಿನ ಪರೀಕ್ಷಾ ಗುಂಡಿ ಒತ್ತಿ ನೋಡಬೇಕು. ಕರೆಂಟು ಹೋಗದಿದ್ದರೆ ಸಾಧನ ಕೆಟ್ಟಿದೆಯೆಂದು ಅರ್ಥ. ಹೊಸದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ, ಅದೇ ದಿನ ಅರ್ಥಿಂಗ್ ಕೂಡ ನೋಡಿಸಬೇಕು. ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡುವುದನ್ನು ಮಕ್ಕಳಿಗೂ ಕಲಿಸಿರಬೇಕು.

ಗಾಡಿಯ ಸರದಿ

ಮನೆಯ ಮುಂದಿನ ಬೈಕು, ಸ್ಕೂಟರು ಇಲ್ಲಿ ಅನೇಕ ಮಕ್ಕಳಿಗೆ ಶಾಲೆಯ ವಾಹನವೂ ಹೌದು. ಮೊದಲ ಮಳೆಗೆ ರಸ್ತೆಯ ಧೂಳು, ಎಣ್ಣೆ ಕಲೆತು ಜಾರುತ್ತದೆ. ಹೊಲದಿಂದ ಏರಿಬರುವ ಟ್ರ್ಯಾಕ್ಟರಿನ ಚಕ್ರಗಳು ಬಿಟ್ಟ ಕೆಸರು ಬೇರೆ. ಇಂಥ ಕಡೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಟೈರು ಮತ್ತು ಬ್ರೇಕು ಮಾತ್ರ. ದ್ವಿಚಕ್ರ ವಾಹನದ ಟೈರಿನ ಗೆರೆಗಳ ಆಳ ಕನಿಷ್ಠ 0.8 ಮಿಲಿಮೀಟರ್, ಕಾರಿನದು 1.6 ಮಿಲಿಮೀಟರ್ ಇರಬೇಕೆಂದು ನಿಯಮವಿದೆ. ಅಳೆಯುವ ಸಾಧನ ಬೇಡ. ಗೆರೆಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಆ ಉಬ್ಬುಗಳ ಮಟ್ಟಕ್ಕೆ ಬಂದಿದ್ದರೆ ಅದರ ಆಯುಷ್ಯ ಮುಗಿದಿದೆ.

ಭೌತಶಾಸ್ತ್ರ ಓದುವವರಿಗೆ ಇನ್ನೊಂದು ಲೆಕ್ಕ ಗೊತ್ತಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಗಾಡಿ ಕ್ರಮಿಸುವ ದೂರ ನಾಲ್ಕು ಪಟ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ ಅದು ಇನ್ನೂ ಹೆಚ್ಚು. ಹತ್ತು ನಿಮಿಷ ಮುಂಚೆ ಹೊರಡುವುದು ಇದಕ್ಕೆ ಬಿಟ್ಟಿ ಮದ್ದು.

ಬೈಕಿನ ಹಿಂದೆ ಕುಳಿತು ಕೊಡೆ ಬಿಚ್ಚುವ ಅಭ್ಯಾಸವನ್ನಂತೂ ಈ ವರ್ಷವೇ ಬಿಡಬೇಕು. ಎದುರುಗಾಳಿಗೆ ಕೊಡೆ ಹಾಯಿಯಂತೆ ಉಬ್ಬಿ ಹಿಡಿದವರನ್ನೇ ಹಿಂದಕ್ಕೆ ಎಳೆಯುತ್ತದೆ. ರೈನ್‌ಕೋಟ್ ಇರಲಿ, ಅದರ ಅಂಚು ಚಕ್ರಕ್ಕೆ ಸಿಗದಂತೆ ಮಡಚಿರಲಿ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯವೆಂದು 2019ರ ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಕಾರು ಇರುವವರು ವೈಪರಿನ ರಬ್ಬರು ಗಟ್ಟಿಯಾಗಿದ್ದರೆ ಅದನ್ನಷ್ಟೇ ಬದಲಿಸಿದರೂ ಸಾಕು. ಯಾವ ಗಾಡಿಯೇ ಆಗಲಿ, ಸೇತುವೆಯ ಮೇಲೆ ಹಳ್ಳ ಹರಿಯುತ್ತಿದ್ದರೆ ದಾಟಕೂಡದು. ಮೊಣಕಾಲೆತ್ತರದ ಹರಿಯುವ ನೀರು ಬೈಕನ್ನಷ್ಟೇ ಅಲ್ಲ, ಸಣ್ಣ ಕಾರನ್ನೂ ಎಳೆದೊಯ್ಯಬಲ್ಲದು.

ಬಿಚ್ಚಿ ಹಾಕಿದ ಹಳೆಯ ಟೈರು ಹಿತ್ತಿಲಲ್ಲಿ ಬಿದ್ದಿರಬಾರದು. ಅದರಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಸೊಳ್ಳೆಗೆ ಒಳ್ಳೆಯ ತೊಟ್ಟಿಲು.

ಹಣ ಸಾಲದಾದಾಗ

ಪಟ್ಟಿ ಮಾಡಿ ಮುಗಿಸಿದಾಗ ಹೆಚ್ಚಿನ ಮನೆಗಳಲ್ಲಿ ಹಣ ಸಾಲದು. ಆಗ ಕೈಬಿಡಬೇಕಾದದ್ದು ಬಣ್ಣ, ಹೊಸ ಟಾರ್ಪಾಲು, ಹೊಸ ಸ್ಕೂಲ್ ಬ್ಯಾಗು. ಹಳೆಯ ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟರೆ ಪುಸ್ತಕ ನೆನೆಯುವುದಿಲ್ಲ. ಕೈಬಿಡಬಾರದ್ದು ಬ್ರೇಕು, ಟೈರು, ವೈರಿಂಗು ಮತ್ತು ಗೋಡೆಯ ಬುಡ. ಟೈರಿಗೆ ಈ ತಿಂಗಳು ದುಡ್ಡು ಹೊಂದದಿದ್ದರೆ, ಹೊಂದುವ ತನಕ ಮಳೆಯ ದಿನಗಳಲ್ಲಿ ಮಕ್ಕಳು ಬಸ್ಸಿನಲ್ಲಿ ಹೋಗಲಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸಿದೆ.

ಈ ಲೆಕ್ಕವನ್ನು ಮಕ್ಕಳ ಮುಂದೆಯೇ ಮಾಡುವುದು ಒಳ್ಳೆಯದು. ಹೊಸ ಬ್ಯಾಗು ಏಕೆ ಬರಲಿಲ್ಲ, ಆ ದುಡ್ಡು ಯಾವ ಗೋಡೆಗೆ, ಯಾವ ಬ್ರೇಕಿಗೆ ಹೋಯಿತು ಎಂದು ಕಣ್ಣಾರೆ ಕಂಡ ಮಗುವಿಗೆ ಸಿಟ್ಟು ಬಂದರೂ ಬೇಗ ಇಳಿಯುತ್ತದೆ. ನೆಲದಲ್ಲಿ ಸುಣ್ಣದ ಕಡ್ಡಿಯ ಗುರುತು ಹಾಕಿದ್ದು ಅದೇ ಮಗುವಲ್ಲವೇ? ಮೃಗಶಿರಾ ಮಳೆ ಹೊಯ್ಯುವ ರಾತ್ರಿ ಆ ಗುರುತಿನ ಮೇಲೆ ಒಂದು ಹನಿಯೂ ಬೀಳದಿದ್ದರೆ, ಮನೆಯವರಿಗಿಂತ ಮೊದಲು ಅದನ್ನು ಗಮನಿಸುವುದೂ ಅದೇ.